ಕುಕಿಯಲ್ಲಿರುವ ಆಯ್ಕೆಗಳನ್ನು ಪುಟದೊಳಗಿನ ವಿಡಿಯೋ ಪ್ಲೇಯರ್‌ಗೆ ಜಾವಾಸ್ಕ್ರಿಪ್ಟ್ ಮೂಲಕ ತಲುಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲಾ ಪಾಠಗಳ ವಿಡಿಯೋಗಳಿರುವ ಒಂದು ಜಾಲತಾಣವನ್ನು ನೀವು ನೋಡಿಕೊಳ್ಳುತ್ತಿದ್ದೀರಿ ಎಂದುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಒಂದು ಪಾಠದಲ್ಲಿ ಕನ್ನಡ ಸಬ್‌ಟೈಟಲ್ ಆರಿಸಿಕೊಂಡು, ವಿಡಿಯೋದ ವೇಗವನ್ನು 0.75ಕ್ಕೆ ಇಳಿಸಿಕೊಂಡರೆ ಆ ಎರಡೂ ಆಯ್ಕೆಗಳು ಕುಕಿಗಳಲ್ಲಿ, ಅಂದರೆ ಜಾಲತಾಣವು ಬ್ರೌಸರ್‌ನಲ್ಲಿ ಉಳಿಸುವ ಸಣ್ಣ ಪಠ್ಯ ತುಣುಕುಗಳಲ್ಲಿ, ಉಳಿಯುತ್ತವೆ. ಮುಂದಿನ ಪಾಠದ ಪುಟ ತೆರೆದಾಗ ಅಲ್ಲಿನ ಪ್ಲೇಯರ್ ಮತ್ತೆ ಏನನ್ನೂ ಕೇಳದೆ ಅದೇ ಭಾಷೆಯಲ್ಲಿ, ಅದೇ ವೇಗದಲ್ಲಿ ಶುರುವಾಗಬೇಕು. ಈ ಪುಟದ ಉತ್ತರಗಳೆಲ್ಲ ಹೆಚ್ಚಾಗಿ ಈ ಉದಾಹರಣೆಯನ್ನೇ ಹಿಡಿದು ಸಾಗುತ್ತವೆ.

ಪ್ಲೇಯರ್ ತಾನಾಗಿಯೇ ಕುಕಿಯನ್ನು ಓದಿಕೊಳ್ಳಲಾರದೇ? ನಾವೇಕೆ ತಲುಪಿಸಬೇಕು?

ಅದು ಪ್ಲೇಯರ್ ಯಾವ ಬಗೆಯದು, ಯಾವ ಡೊಮೇನ್‌ನಿಂದ ಬಂದದ್ದು ಎಂಬುದನ್ನು ಅವಲಂಬಿಸಿದೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕಿಯನ್ನು ರೂಪಿಸಿದಾಗಿನಿಂದಲೂ ಒಂದು ಮೂಲ ನಿಯಮ ಉಳಿದುಬಂದಿದೆ: ಕುಕಿಯು ಅದನ್ನು ಇಟ್ಟ ಡೊಮೇನ್‌ಗೆ ಸೇರಿದ್ದು, ಬೇರೆ ಡೊಮೇನ್‌ಗೆ ಅದು ಕಾಣುವುದಿಲ್ಲ. ಆದ್ದರಿಂದ ಬೇರೆ ಸಂಸ್ಥೆಯ ಪ್ಲೇಯರನ್ನು ಐಫ್ರೇಮ್‌ನಲ್ಲಿ (ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸುವ ಚೌಕಟ್ಟಿನಲ್ಲಿ) ಕೂರಿಸಿದ್ದರೆ, ಅದು ನಿಮ್ಮ ಪುಟದಲ್ಲಿ ಕಾಣಿಸಿಕೊಂಡರೂ ನಿಮ್ಮ ಕುಕಿಗಳನ್ನು ಮುಟ್ಟಲಾರದು. ಅದಕ್ಕೆ ಬೇಕಾದದ್ದನ್ನು ನಿಮ್ಮ ಪುಟವೇ ಕೈಗೆ ಕೊಡಬೇಕು. ಐಫ್ರೇಮ್ ನಿಮ್ಮದೇ ಡೊಮೇನ್‌ನದಾಗಿದ್ದರೆ ಅದರೊಳಗಿನ ಸ್ಕ್ರಿಪ್ಟ್ ಕುಕಿಯನ್ನು ನೇರವಾಗಿ ಓದಿಕೊಳ್ಳುತ್ತದೆ, ತಲುಪಿಸುವ ಗೊಡವೆಯೇ ಬೇಡ. ಪ್ಲೇಯರ್ ಉಪಡೊಮೇನ್‌ನಲ್ಲಿದ್ದರೆ, ಕುಕಿಯನ್ನು ಇಡುವಾಗಲೇ ಅದರ ಡೊಮೇನ್ ಗುಣದಲ್ಲಿ ಮೂಲ ಡೊಮೇನನ್ನು ನಮೂದಿಸಿದರೆ ಸಾಕು, ಎರಡೂ ಕಡೆ ಅದು ಸಿಗುತ್ತದೆ. ಇನ್ನು ಎಚ್‌ಟಿಎಂಎಲ್‌ನ ವಿಡಿಯೋ ಟ್ಯಾಗ್ ಎಂಬುದು ಸ್ವತಂತ್ರ ಪ್ರೋಗ್ರಾಂ ಅಲ್ಲ; ಅದಕ್ಕೆ ಕುಕಿಯ ಅರ್ಥವೇ ತಿಳಿಯದು, ಪುಟದ ಸ್ಕ್ರಿಪ್ಟ್ ಓದಿ ಅದರ ಗುಣಗಳನ್ನು ಹೊಂದಿಸಬೇಕು.

ಈ ಕೆಲಸವನ್ನು ಸರ್ವರ್‌ನಲ್ಲೇ ಮಾಡಬಾರದೇ?

ಮಾಡಬಹುದು, ಸಾಧ್ಯವಿದ್ದಲ್ಲಿ ಅದೇ ಹೆಚ್ಚು ಅಚ್ಚುಕಟ್ಟು. ಪ್ರತಿ ಕೋರಿಕೆಗೂ ಪುಟವನ್ನು ಹೊಸದಾಗಿ ಕಟ್ಟುವ ಸರ್ವರ್ ಇದ್ದರೆ, ಕೋರಿಕೆಯ ಜೊತೆಗೇ ಬಂದ ಕುಕಿಯನ್ನು ನೋಡಿ ಸರಿಯಾದ ಐಫ್ರೇಮ್ ವಿಳಾಸವನ್ನು ಅದೇ ಬರೆದು ಕಳುಹಿಸುತ್ತದೆ. ಆದರೆ ಹೆಚ್ಚಿನ ಓದುಗರಿರುವ ತಾಣಗಳಲ್ಲಿ ಪುಟದ ಒಂದೇ ಪ್ರತಿಯನ್ನು ಸಿಡಿಎನ್‌ನಲ್ಲಿ (ಹಲವು ಊರುಗಳಲ್ಲಿರುವ ಸರ್ವರ್‌ಗಳ ಜಾಲದಲ್ಲಿ) ಸಂಗ್ರಹಿಸಿ ಎಲ್ಲರಿಗೂ ಹಂಚುತ್ತಾರೆ. ಅಂಥ ಪುಟದಲ್ಲಿ ಒಬ್ಬರ ಆಯ್ಕೆಯನ್ನು ಸರ್ವರ್ ಬರೆದಿಟ್ಟರೆ ಅದು ಮುಂದಿನವರಿಗೂ ಹೋಗುತ್ತದೆ. ಜಾವಾಸ್ಕ್ರಿಪ್ಟ್‌ನ ಅಗತ್ಯ ನಿಜವಾಗಿ ಹುಟ್ಟುವುದು ಇಲ್ಲಿಯೇ.

ಕುಕಿಯನ್ನು ಜಾವಾಸ್ಕ್ರಿಪ್ಟ್‌ನಿಂದ ಓದುವ ಸರಿಯಾದ ಕ್ರಮ ಯಾವುದು?

ಡಾಕ್ಯುಮೆಂಟ್.ಕುಕಿ ಎಂಬ ಗುಣವನ್ನು ಓದಿದರೆ ಆ ಪುಟಕ್ಕೆ ಕಾಣುವ ಎಲ್ಲ ಕುಕಿಗಳ ಹೆಸರು ಮತ್ತು ಮೌಲ್ಯಗಳು ಒಂದೇ ಉದ್ದನೆಯ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಸಿಗುತ್ತವೆ. ಒಂದೊಂದು ಜೋಡಿಯ ನಡುವೆ ಅರ್ಧವಿರಾಮ ಚಿಹ್ನೆಯೂ ಒಂದು ಖಾಲಿ ಜಾಗವೂ ಇರುತ್ತವೆ. ಅವಧಿ, ಪಾತ್ (ತಾಣದ ಯಾವ ಫೋಲ್ಡರ್‌ನ ಪುಟಗಳಿಗೆ ಕುಕಿ ಕಾಣಬೇಕೆಂಬುದು), ಡೊಮೇನ್ ಮುಂತಾದ ವಿವರಗಳು ಅದರಲ್ಲಿ ಬರುವುದಿಲ್ಲ. ಈ ಸ್ಟ್ರಿಂಗನ್ನು ಒಡೆಯುವಾಗ ಜನ ಪದೇ ಪದೇ ಎಡವುವ ಮೂರು ಜಾಗಗಳಿವೆ.

ಮೊದಲನೆಯದು ಹೆಸರಿನ ಹುಡುಕಾಟ. ಸ್ಟ್ರಿಂಗ್‌ನಲ್ಲಿ ‘ಲ್ಯಾಂಗ್’ ಎಂಬ ಹೆಸರು ಎಲ್ಲಿದೆ ಎಂದು ಸುಮ್ಮನೆ ಹುಡುಕಿದರೆ ‘ಓಲ್ಡ್‌ಲ್ಯಾಂಗ್’ ಎಂಬ ಬೇರೊಂದು ಕುಕಿಯೂ ಸಿಕ್ಕಿಬಿಡಬಹುದು. ಆದ್ದರಿಂದ ಮೊದಲು ಅರ್ಧವಿರಾಮದಲ್ಲಿ ಒಡೆದು, ಪ್ರತಿ ತುಂಡಿನ ಆಚೀಚಿನ ಖಾಲಿ ಜಾಗವನ್ನು ತೆಗೆದು, ಹೆಸರನ್ನು ಪೂರ್ತಿಯಾಗಿ ಹೋಲಿಸಬೇಕು. ಎರಡನೆಯದು ಸಮಚಿಹ್ನೆ. ಬೇಸ್64 (ದತ್ತಾಂಶವನ್ನು ಸಾಮಾನ್ಯ ಅಕ್ಷರಗಳಲ್ಲಿ ಬರೆಯುವ ಒಂದು ಕ್ರಮ) ರೂಪದ ಮೌಲ್ಯಗಳ ಕೊನೆಯಲ್ಲಿ ಸಮಚಿಹ್ನೆ ಬರುವುದುಂಟು. ಸಮಚಿಹ್ನೆ ಕಂಡಲ್ಲೆಲ್ಲ ಒಡೆದು ಎರಡನೆಯ ತುಂಡನ್ನು ಎತ್ತಿಕೊಂಡರೆ ಮೌಲ್ಯದ ಬಾಲ ಕತ್ತರಿಸಿ ಹೋಗುತ್ತದೆ. ಮೊದಲ ಸಮಚಿಹ್ನೆಯ ಎಡಕ್ಕಿರುವುದೆಲ್ಲ ಹೆಸರು, ಬಲಕ್ಕಿರುವುದೆಲ್ಲ ಮೌಲ್ಯ ಎಂದು ತೆಗೆದುಕೊಳ್ಳುವುದೇ ಸರಿ. ಮೂರನೆಯದು, ಕುಕಿ ಇಲ್ಲದಿರುವ ಸಂದರ್ಭ. ಮೊದಲ ಸಲ ಬಂದವರಲ್ಲಿ, ಕುಕಿಗಳನ್ನು ಅಳಿಸಿದವರಲ್ಲಿ ಅದು ಇರುವುದೇ ಇಲ್ಲ. ಆಗ ಪ್ಲೇಯರ್‌ಗೆ ‘ಅನ್‌ಡಿಫೈನ್ಡ್’ ಎಂಬ ಪದವೇ ಭಾಷೆಯ ಸಂಕೇತವಾಗಿ ಹೋಗಿ ಸೇರುವುದನ್ನು ತಪ್ಪಿಸಲು ಒಂದು ಪೂರ್ವನಿಯೋಜಿತ ಮೌಲ್ಯವನ್ನು ಇಟ್ಟುಕೊಂಡಿರಬೇಕು.

ಕುಕಿ ಸ್ಟೋರ್ ಎಂಬ ಹೊಸ ಎಪಿಐ (ಸ್ಕ್ರಿಪ್ಟ್‌ಗಳು ಬಳಸಲೆಂದು ಬ್ರೌಸರ್ ಕೊಡುವ ಸೌಲಭ್ಯ) ಈ ಒಡೆಯುವ ಕೆಲಸವನ್ನೆಲ್ಲ ತಪ್ಪಿಸುತ್ತದೆ. ಕ್ರೋಮ್‌ನ 87ನೇ ಆವೃತ್ತಿಯಿಂದ ಅದು ಲಭ್ಯವಿದೆ; ಎಚ್‌ಟಿಟಿಪಿಎಸ್ ಪುಟಗಳಲ್ಲಿ ಮಾತ್ರ ನಡೆಯುತ್ತದೆ, ಉತ್ತರವನ್ನು ಪ್ರಾಮಿಸ್ ರೂಪದಲ್ಲಿ, ಅಂದರೆ ತಕ್ಷಣವಲ್ಲದೆ ಸಿದ್ಧವಾದ ಮೇಲೆ, ಕೊಡುತ್ತದೆ. ಹಳೆಯ ಬ್ರೌಸರ್‌ಗಳ ಬಳಕೆದಾರರೂ ನಿಮಗಿದ್ದರೆ ಹಳೆಯ ದಾರಿಯನ್ನೂ ಜೊತೆಗಿಟ್ಟುಕೊಳ್ಳಿ.

ಕುಕಿಯಲ್ಲಿ ಕನ್ನಡ ಅಕ್ಷರಗಳನ್ನು ಇಟ್ಟರೆ ತೊಂದರೆಯೇ?

ನೇರವಾಗಿ ಇಟ್ಟರೆ ತೊಂದರೆಯೇ. ಕುಕಿಗಳ ನಿಯಮಗಳನ್ನು ಹೇಳುವ 2011ರ ಆರ್‌ಎಫ್‌ಸಿ 6265 ಎಂಬ ಮಾನದಂಡದ ಪ್ರಕಾರ ಸರ್ವರ್ ಕಳುಹಿಸುವ ಕುಕಿಯ ಮೌಲ್ಯದಲ್ಲಿ ಖಾಲಿ ಜಾಗ, ಅಲ್ಪವಿರಾಮ, ಅರ್ಧವಿರಾಮ ಹಾಗೂ ಆಸ್ಕಿಯ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಮೂಲ ಪಟ್ಟಿಯ) ಆಚೆಗಿನ ಅಕ್ಷರಗಳು ಇರುವಂತಿಲ್ಲ. ಆದ್ದರಿಂದ ಕನ್ನಡ ಪಠ್ಯವನ್ನು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಫಂಕ್ಷನ್‌ನಿಂದ ಪರ್ಸೆಂಟ್ ರೂಪಕ್ಕೆ ತಿರುಗಿಸಿ ಇಡಬೇಕು, ಓದುವಾಗ ಡಿಕೋಡ್‌ಯುಆರ್‌ಐಕಾಂಪೊನೆಂಟ್‌ನಿಂದ ಮರಳಿಸಬೇಕು.

ಹಾಗೆ ತಿರುಗಿಸಿದಾಗ ಗಾತ್ರ ಎಷ್ಟು ಬೆಳೆಯುತ್ತದೆ ಎಂಬುದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ತಿಳಿದಿರಬೇಕಾದ ಸಂಗತಿ. ಯೂನಿಕೋಡ್‌ನ ಲೆಕ್ಕದಲ್ಲಿ ‘ಕನ್ನಡ’ ಎಂಬುದು ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್‌ನಂತೆ 15 ಬೈಟ್. ಪರ್ಸೆಂಟ್ ರೂಪದಲ್ಲಿ ಪ್ರತಿ ಬೈಟ್ ಮೂರು ಅಕ್ಷರವಾಗುವುದರಿಂದ ಒಟ್ಟು 45 ಅಕ್ಷರಗಳು. ಬ್ರೌಸರ್‌ಗಳು ಒಂದು ಕುಕಿಗೆ ಸುಮಾರು 4096 ಬೈಟ್‌ಗಳ ಮಿತಿ ಹಾಕುತ್ತವೆ. ಅಂದರೆ ಒಂದು ಕುಕಿಯಲ್ಲಿ ಕನ್ನಡದ ಸುಮಾರು 450 ಸಂಕೇತಗಳಷ್ಟೇ ಹಿಡಿಯುತ್ತವೆ, ಮತ್ತು ಅಷ್ಟೂ ತೂಕ ಆ ಡೊಮೇನ್‌ಗೆ ಹೋಗುವ ಪ್ರತಿ ಕೋರಿಕೆಯ ಜೊತೆಗೂ ಸಾಗುತ್ತದೆ. ಪಾಠದ ಹೆಸರನ್ನೋ ಭಾಷೆಯ ಹೆಸರನ್ನೋ ಕನ್ನಡದಲ್ಲಿ ಇಡುವ ಬದಲು ‘ಕೆಎನ್’ ಎಂಬ ಎರಡಕ್ಷರದ ಭಾಷಾ ಸಂಕೇತವನ್ನೋ ಪಾಠದ ಸಂಖ್ಯೆಯನ್ನೋ ಇಡುವುದು ಮೇಲು. ತೋರಿಸಬೇಕಾದ ಕನ್ನಡ ಪದವನ್ನು ಪುಟವೇ ನೋಡಿಕೊಳ್ಳಲಿ.

ಇನ್ನೆರಡು ಎಚ್ಚರಿಕೆಗಳು. ಹಳೆಯ ಕೋಡ್‌ನಲ್ಲಿ ಕಾಣುವ ಎಸ್ಕೇಪ್ ಫಂಕ್ಷನ್ ಕನ್ನಡ ಅಕ್ಷರಗಳನ್ನು ಪರ್ಸೆಂಟ್ ಚಿಹ್ನೆಯ ನಂತರ ‘ಯು’ ಸೇರಿಸಿದ ಬೇರೆಯೇ ರೂಪಕ್ಕೆ ತಿರುಗಿಸುತ್ತದೆ. ಅದನ್ನು ಡಿಕೋಡ್‌ಯುಆರ್‌ಐಕಾಂಪೊನೆಂಟ್‌ಗೆ ಕೊಟ್ಟರೆ ದೋಷ ಎಸೆದು ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ವರ್ಷಗಟ್ಟಲೆ ಸರಾಗವಾಗಿ ನಡೆದ ಪುಟವೊಂದು ಕನ್ನಡದ ಮೊದಲ ಅಕ್ಷರ ಬಂದಕೂಡಲೇ ಮುರಿಯುವುದಕ್ಕೆ ಇದೂ ಒಂದು ಕಾರಣ. ಎರಡನೆಯದಾಗಿ, ಮೌಲ್ಯವನ್ನು ಎರಡು ಸಲ ಎನ್‌ಕೋಡ್ ಮಾಡಬಾರದು. ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ತಾನೇ ಎನ್‌ಕೋಡ್ ಮಾಡುತ್ತದೆ. ಅದಕ್ಕೆ ಕುಕಿಯಿಂದ ತೆಗೆದ ಪರ್ಸೆಂಟ್ ರೂಪವನ್ನೇ ಕೊಟ್ಟರೆ ಪ್ರತಿ ಪರ್ಸೆಂಟ್ ಚಿಹ್ನೆಯೂ %25 ಆಗಿ, ಆಚೆಬದಿಯಲ್ಲಿ ಕನ್ನಡದ ಬದಲು ಚಿಹ್ನೆಗಳ ಸಾಲು ಕಾಣುತ್ತದೆ.

ವಿಡಿಯೋ ಟ್ಯಾಗ್‌ಗೆ ಮೌಲ್ಯವನ್ನು ಹೇಗೆ ಕೊಡಬೇಕು?

ಕುಕಿಯಿಂದ ಓದಿದ ವೇಗವನ್ನು ಮೊದಲು ಸಂಖ್ಯೆಯಾಗಿ ಪರಿವರ್ತಿಸಿ, ಅದು ನೀವು ಒಪ್ಪುವ ಮಿತಿಯೊಳಗಿದೆಯೇ ಎಂದು ನೋಡಿ, ಆಮೇಲೆ ಪ್ಲೇಬ್ಯಾಕ್‌ರೇಟ್ ಗುಣಕ್ಕೆ ಕೊಡಬೇಕು. ಹೊಸ ಫೈಲ್ ಲೋಡ್ ಆದಾಗಲೆಲ್ಲ ಈ ಗುಣವು ಡಿಫಾಲ್ಟ್‌ಪ್ಲೇಬ್ಯಾಕ್‌ರೇಟ್‌ನ ಮೌಲ್ಯಕ್ಕೆ ಮರಳುವುದರಿಂದ ಎರಡನ್ನೂ ಹೊಂದಿಸಿದರೆ ಮಾತ್ರ ಆಯ್ಕೆ ಉಳಿಯುತ್ತದೆ. ಸಬ್‌ಟೈಟಲ್‌ಗಾಗಿ ಟೆಕ್ಸ್ಟ್‌ಟ್ರ್ಯಾಕ್ಸ್ ಪಟ್ಟಿಯನ್ನು ನೋಡಿ, ಭಾಷಾ ಸಂಕೇತ ಹೊಂದುವ ಟ್ರ್ಯಾಕ್‌ನ ಮೋಡನ್ನು ‘ಶೋಯಿಂಗ್’ ಎಂದೂ ಉಳಿದವನ್ನು ‘ಡಿಸೇಬಲ್ಡ್’ ಎಂದೂ ಮಾಡಬೇಕು. ಹಿಂದಿನ ಸಲ ನಿಲ್ಲಿಸಿದ ಜಾಗದಿಂದ ಶುರುಮಾಡುವುದಾದರೆ, ಲೋಡೆಡ್‌ಮೆಟಾಡೇಟಾ ಘಟನೆ ಬಂದ ಮೇಲೆ ಕರೆಂಟ್‌ಟೈಮ್ ಹೊಂದಿಸುವುದು ಸುರಕ್ಷಿತ. ಐಫೋನ್‌ನಲ್ಲಿ ಧ್ವನಿಯ ಮಟ್ಟ ಸ್ಕ್ರಿಪ್ಟ್‌ನ ಕೈಗೆ ಸಿಗುವುದಿಲ್ಲ, ಅದು ಫೋನಿನ ಗುಂಡಿಗಳಿಗೇ ಬಿಟ್ಟದ್ದು. ಹಾಗೆಯೇ ‘ತಾನಾಗಿ ಶುರುವಾಗಲಿ’ ಎಂಬ ಆಯ್ಕೆಯನ್ನು ಕುಕಿಯಲ್ಲಿ ಉಳಿಸಿದರೂ, 2018ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 66ರಿಂದೀಚೆಗೆ ಧ್ವನಿಸಹಿತವಾಗಿ ತಾನಾಗಿ ಶುರುವಾಗುವುದನ್ನು ಬ್ರೌಸರ್ ತಡೆಯಬಹುದು. ಪ್ಲೇ ಫಂಕ್ಷನ್ ಹಿಂದಿರುಗಿಸುವ ಪ್ರಾಮಿಸ್ ವಿಫಲವಾದಾಗ ಪ್ಲೇ ಗುಂಡಿಯನ್ನು ತೋರಿಸುವುದಕ್ಕೆ ಸಿದ್ಧವಾಗಿರಬೇಕು.

ಐಫ್ರೇಮ್‌ನಲ್ಲಿರುವ ಪ್ಲೇಯರ್‌ಗೆ ವಿಳಾಸದ ಮೂಲಕ ಕೊಡಬಹುದೇ?

ಕೊಡಬಹುದು, ಭಾಷೆ, ಶುರುವಿನ ಸೆಕೆಂಡು ಮುಂತಾದ ಸಣ್ಣ ಆಯ್ಕೆಗಳಿಗೆ ಇದೇ ಅತಿ ಸುಲಭದ ದಾರಿ. ಯೂಟ್ಯೂಬ್ ಪ್ಲೇಯರ್‌ನ ವಿಳಾಸದಲ್ಲಿ ಸಬ್‌ಟೈಟಲ್ ಭಾಷೆಗೆ, ಸಬ್‌ಟೈಟಲ್ ತಾನಾಗಿ ಕಾಣಿಸಲು, ಗುಂಡಿಗಳ ಮೇಲಿನ ಭಾಷೆಗೆ, ಶುರುವಿನ ಸಮಯಕ್ಕೆ ಎಂದು ಬೇರೆ ಬೇರೆ ಪ್ಯಾರಾಮೀಟರ್‌ಗಳಿವೆ. ಕುಕಿಯನ್ನು ಓದಿದ ಮೇಲೆಯೇ ಐಫ್ರೇಮನ್ನು ಸೃಷ್ಟಿಸಿ ಪುಟಕ್ಕೆ ಸೇರಿಸಬೇಕು. ಮೊದಲೇ ಇರುವ ಐಫ್ರೇಮ್‌ನ ವಿಳಾಸವನ್ನು ಆಮೇಲೆ ಬದಲಿಸಿದರೆ ಪ್ಲೇಯರ್ ಎರಡು ಸಲ ಲೋಡ್ ಆಗುತ್ತದೆ, ಮೊಬೈಲ್ ಡೇಟಾ ವ್ಯರ್ಥವಾಗುತ್ತದೆ, ಬ್ರೌಸರ್‌ನ ಹಿಂದಕ್ಕೆ ಹೋಗುವ ಗುಂಡಿಯೂ ಗೊಂದಲಕ್ಕೀಡಾಗುತ್ತದೆ.

ಕುಕಿಯ ಮೌಲ್ಯವನ್ನು ನಂಬಿಬಿಡಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅದು ಬಳಕೆದಾರರ ಯಂತ್ರದಲ್ಲಿದೆ, ಯಾರು ಬೇಕಾದರೂ ತಿದ್ದಬಹುದು, ಅದೇ ಡೊಮೇನ್‌ನ ಇನ್ನೊಂದು ದುರ್ಬಲ ಪುಟವೂ ಬರೆದಿರಬಹುದು. ಅದನ್ನು ಹಾಗೆಯೇ ಎಚ್‌ಟಿಎಂಎಲ್ ಸ್ಟ್ರಿಂಗ್‌ಗೆ ಜೋಡಿಸಿ ಇನ್ನರ್‌ಎಚ್‌ಟಿಎಂಎಲ್ ಮೂಲಕ ಪುಟಕ್ಕೆ ಸುರಿದರೆ ಪರರ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡುವುದಕ್ಕೆ ಬಾಗಿಲು ತೆರೆದಂತೆ. ನಾವು ಬೆಂಬಲಿಸುವ ಭಾಷೆಗಳ ಪಟ್ಟಿಯನ್ನು ಕೋಡ್‌ನಲ್ಲೇ ಇಟ್ಟುಕೊಂಡು, ಕುಕಿಯಿಂದ ಬಂದದ್ದು ಆ ಪಟ್ಟಿಯಲ್ಲಿದ್ದರೆ ಮಾತ್ರ ಮುಂದಕ್ಕೆ ಕಳುಹಿಸುವುದು ಕೆಲವೇ ಸಾಲುಗಳ ಕೆಲಸ. ಅದನ್ನು ಯಾವ ಕಾರಣಕ್ಕೂ ಬಿಡಬಾರದು.

ಪ್ಲೇಯರ್ ಶುರುವಾದ ಮೇಲೆ ಆಯ್ಕೆ ಬದಲಾದರೆ?

ಆಗ ಪೋಸ್ಟ್‌ಮೆಸೇಜ್ ಬೇಕು. ಪುಟವು ಐಫ್ರೇಮ್‌ನ ವಿಂಡೋಗೆ ಒಂದು ಸಂದೇಶ ಕಳುಹಿಸುತ್ತದೆ, ಆಚೆಗಿನ ಸ್ಕ್ರಿಪ್ಟ್ ಮೆಸೇಜ್ ಘಟನೆಯನ್ನು ಕೇಳಿಸಿಕೊಂಡು ಅದರಂತೆ ನಡೆಯುತ್ತದೆ. ಹಾಗಾಗಿ ಪ್ಲೇಯರ್ ನಿಮ್ಮದೇ ಆಗಿರಬೇಕು, ಇಲ್ಲವೇ ಅದನ್ನು ಒದಗಿಸುವವರು ಈ ಸೌಲಭ್ಯವನ್ನು ಕೊಟ್ಟಿರಬೇಕು. ಕಳುಹಿಸುವಾಗ ಗುರಿಯ ಮೂಲವಿಳಾಸವನ್ನು (ಆರಿಜಿನ್, ಅಂದರೆ ವಿಳಾಸದಲ್ಲಿನ ಪ್ರೋಟೋಕಾಲ್, ಡೊಮೇನ್ ಮತ್ತು ಪೋರ್ಟ್) ಪೂರ್ತಿಯಾಗಿ ಬರೆಯಿರಿ. ಅದರ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಆ ಐಫ್ರೇಮ್‌ನಲ್ಲಿ ಆ ಹೊತ್ತಿಗೆ ಯಾರ ಪುಟವಿದ್ದರೂ ಸಂದೇಶ ಅವರಿಗೆ ಸಿಗುತ್ತದೆ. ಪಡೆಯುವ ಬದಿಯಲ್ಲಿ ಸಂದೇಶದ ಆರಿಜಿನನ್ನು ಪೂರ್ತಿಯಾಗಿ ಹೋಲಿಸಿ ನೋಡಬೇಕು, ಅದರಲ್ಲಿ ನಮ್ಮ ಡೊಮೇನ್‌ನ ಹೆಸರು ಎಲ್ಲೋ ಇದೆ ಎಂಬಷ್ಟಕ್ಕೆ ಒಪ್ಪಬಾರದು.

ಸಂದೇಶ ತಲುಪುವುದೇ ಇಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಸಮಯದ ಸಮಸ್ಯೆ. ಐಫ್ರೇಮ್‌ನೊಳಗಿನ ಸ್ಕ್ರಿಪ್ಟ್ ಸಿದ್ಧವಾಗುವ ಮೊದಲೇ ಕಳುಹಿಸಿದ ಸಂದೇಶ ಯಾರಿಗೂ ಕಾಯದೆ ಕಳೆದುಹೋಗುತ್ತದೆ. ಎರಡು ಸೆಕೆಂಡು ಕಾದು ಕಳುಹಿಸೋಣ ಎಂಬ ಪರಿಹಾರ ನಿಧಾನದ ನೆಟ್‌ವರ್ಕ್‌ನಲ್ಲಿ ಸೋಲುತ್ತದೆ. ‘ನಾನು ಸಿದ್ಧ’ ಎಂದು ಪ್ಲೇಯರೇ ಮೊದಲು ಹೇಳಲಿ, ಅದು ಬಂದ ಮೇಲೆ ಪುಟವು ಕುಕಿಯ ಮೌಲ್ಯವನ್ನು ಕಳುಹಿಸಲಿ.

ಲಾಗಿನ್ ಕುಕಿಯನ್ನೇ ಅಥವಾ ಸೆಷನ್ ಐಡಿಯನ್ನೇ (ಲಾಗಿನ್ ಆದವರನ್ನು ಸರ್ವರ್ ಗುರುತಿಸುವ ಸಂಕೇತವನ್ನೇ) ಪ್ಲೇಯರ್‌ಗೆ ಕೊಟ್ಟರೆ ಎಲ್ಲವೂ ಸುಲಭವಲ್ಲವೇ?

ದಯವಿಟ್ಟು ಹಾಗೆ ಮಾಡಬೇಡಿ. ಇಡೀ ವಿಷಯದಲ್ಲಿ ನಾನು ಅತಿ ಮುಖ್ಯವೆಂದು ತಿಳಿದಿರುವುದು ಇದನ್ನೇ. ಕುಕಿಗಳಲ್ಲಿ ಎರಡು ಜಾತಿ: ಬಳಕೆದಾರರಿಗೆ ಏನು ಇಷ್ಟ ಎಂದು ಹೇಳುವವು, ಬಳಕೆದಾರರು ಯಾರು ಎಂದು ಹೇಳುವವು. ಮೊದಲನೆಯವನ್ನು ಸ್ಕ್ರಿಪ್ಟ್ ಓದಬಹುದು, ಪ್ಲೇಯರ್‌ಗೂ ದಾಟಿಸಬಹುದು. ಎರಡನೆಯವನ್ನು ಸ್ಕ್ರಿಪ್ಟ್ ಮುಟ್ಟಲೇಬಾರದು. ಈ ಉದ್ದೇಶಕ್ಕಾಗಿಯೇ ಎಚ್‌ಟಿಟಿಪಿಓನ್ಲಿ ಎಂಬ ಗುಣವಿದೆ. 2002ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಮೊದಲ ಸರ್ವಿಸ್ ಪ್ಯಾಕ್‌ನೊಂದಿಗೆ ಅದನ್ನು ತಂದಿತು, ಈಗ ಎಲ್ಲ ಬ್ರೌಸರ್‌ಗಳಲ್ಲೂ ಇದೆ. ಆ ಗುಣವಿರುವ ಕುಕಿ ಡಾಕ್ಯುಮೆಂಟ್.ಕುಕಿಯಲ್ಲಿ ಕಾಣುವುದೇ ಇಲ್ಲ. ‘ಕುಕಿ ಇದೆ, ಆದರೆ ಸ್ಕ್ರಿಪ್ಟ್‌ಗೆ ಸಿಗುತ್ತಿಲ್ಲ’ ಎಂದು ಕೇಳಿದವರಿಗೆ ‘ಎಚ್‌ಟಿಟಿಪಿಓನ್ಲಿ ತೆಗೆದುಹಾಕಿ’ ಎಂಬ ಸಲಹೆ ಅಂತರಜಾಲದಲ್ಲಿ ಸಿಗುತ್ತದೆ. ಅದು ಅಪಾಯಕಾರಿ ಸಲಹೆ.

ಸೆಷನ್ ಐಡಿಯನ್ನು ಐಫ್ರೇಮ್‌ನ ವಿಳಾಸದಲ್ಲಿ ಬರೆಯುವುದೆಂದರೆ ಮನೆಯ ಬೀಗದ ಕೈಯನ್ನು ಅಂಚೆ ಕಾರ್ಡಿಗೆ ಅಂಟಿಸಿ ಕಳುಹಿಸಿದಂತೆ. ಆ ವಿಳಾಸ ಪ್ಲೇಯರ್ ಒದಗಿಸುವವರ ಸರ್ವರ್ ಲಾಗ್‌ನಲ್ಲಿ ಉಳಿಯುತ್ತದೆ, ದಾರಿಯಲ್ಲಿರುವ ಪ್ರಾಕ್ಸಿಗಳ ದಾಖಲೆಗಳಲ್ಲಿ ಉಳಿಯಬಹುದು, ಪ್ಲೇಯರ್‌ನೊಳಗಿನ ಅಂಕಿಅಂಶ ಸಂಗ್ರಹಿಸುವ ಸ್ಕ್ರಿಪ್ಟ್‌ಗಳಿಗೂ ಕಾಣುತ್ತದೆ. ಅದು ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ಆ ವಿದ್ಯಾರ್ಥಿನಿಯ ಖಾತೆಯೊಳಗೆ ಹೋಗಬಲ್ಲರು.

ಹಣ ಕೊಟ್ಟವರಿಗೆ ಮಾತ್ರ ವಿಡಿಯೋ ಕಾಣಬೇಕು ಎಂಬ ಅಗತ್ಯ ನಿಜವಾದದ್ದೇ. ಅದಕ್ಕೆ ಸರಿಯಾದ ಮಾರ್ಗವೆಂದರೆ, ನಿಮ್ಮ ಪುಟದ ಸ್ಕ್ರಿಪ್ಟ್ ನಿಮ್ಮದೇ ಸರ್ವರನ್ನು ಕೇಳುವುದು. ಆ ಕೋರಿಕೆಯ ಜೊತೆ ಲಾಗಿನ್ ಕುಕಿಯನ್ನು ಬ್ರೌಸರ್ ತಾನಾಗಿ ಕಳುಹಿಸುತ್ತದೆ. ಸರ್ವರ್ ಅದನ್ನು ಪರಿಶೀಲಿಸಿ, ಆ ಒಂದು ವಿಡಿಯೋಗೆ ಮಾತ್ರ, ಕೆಲವು ನಿಮಿಷಗಳ ಕಾಲ ಮಾತ್ರ ನಡೆಯುವ ಟೋಕನ್ ಕೊಡುತ್ತದೆ. ಪ್ಲೇಯರ್‌ಗೆ ತಲುಪಬೇಕಾದದ್ದು ಆ ಟೋಕನ್. ಅದು ಸೋರಿದರೂ ಹೋಗುವುದು ಒಂದು ಪಾಠದ ಕೆಲವು ನಿಮಿಷ, ಇಡೀ ಖಾತೆಯಲ್ಲ. ಅಮೆಜಾನ್ ಕ್ಲೌಡ್‌ಫ್ರಂಟ್‌ನಂಥ ಸೇವೆಗಳಲ್ಲಿ ಸಹಿ ಮಾಡಿದ ವಿಳಾಸ, ಸಹಿ ಮಾಡಿದ ಕುಕಿ ಎಂಬ ಎರಡು ಏರ್ಪಾಡುಗಳಿವೆ. ನೂರಾರು ತುಣುಕುಗಳಾಗಿ ಬರುವ ಎಚ್‌ಎಲ್‌ಎಸ್ ವಿಡಿಯೋಗೆ ಪ್ರತಿ ತುಣುಕಿನ ವಿಳಾಸಕ್ಕೂ ಸಹಿ ಹಾಕುವುದಕ್ಕಿಂತ ಸಹಿ ಮಾಡಿದ ಕುಕಿಯೇ ಅನುಕೂಲ.

ವಿಡಿಯೋ ಫೈಲ್ ಉಪಡೊಮೇನ್‌ನಲ್ಲಿದೆ. ಸಬ್‌ಟೈಟಲ್ ಸರಿಪಡಿಸಿದ ಮೇಲೆ ವಿಡಿಯೋ ನಿಂತುಹೋಯಿತು. ಏಕೆ?

ಇದು ಬಹಳ ಮಂದಿಯನ್ನು ಕಾಡುವ ತೊಡಕು. ವಿಡಿಯೋ ಟ್ಯಾಗ್‌ನಲ್ಲಿ ಕ್ರಾಸ್‌ಆರಿಜಿನ್ ಗುಣ ಇಲ್ಲದಿದ್ದಾಗ ಬ್ರೌಸರ್ ಬೇರೆ ಆರಿಜಿನ್‌ನ ವಿಡಿಯೋ ಫೈಲನ್ನು ಕುಕಿಸಹಿತವಾಗಿಯೇ ಕೇಳುತ್ತದೆ. ಉಪಡೊಮೇನ್ ಆದ್ದರಿಂದ, ಬೇರೆ ತಾಣದಿಂದ ಹೊರಟ ಕೋರಿಕೆಗೆ ಕುಕಿ ಹೋಗಬೇಕೇ ಎಂದು ತೀರ್ಮಾನಿಸುವ ಸೇಮ್‌ಸೈಟ್ ನಿಯಮವೂ ಅಡ್ಡ ಬರುವುದಿಲ್ಲ. ಆದರೆ ಬೇರೆ ಆರಿಜಿನ್‌ನ ಸಬ್‌ಟೈಟಲ್ ಫೈಲ್ ಮಾತ್ರ ಕ್ರಾಸ್‌ಆರಿಜಿನ್ ಗುಣವಿಲ್ಲದೆ ಲೋಡ್ ಆಗುವುದಿಲ್ಲ. ಅದಕ್ಕಾಗಿ ‘ಅನಾನಿಮಸ್’ ಎಂದು ಬರೆದರೆ ಸಬ್‌ಟೈಟಲ್ ಬರುತ್ತದೆ, ಆದರೆ ಅದೇ ಗುಣ ವಿಡಿಯೋಗೂ ಅನ್ವಯಿಸಿ ಅದರ ಕೋರಿಕೆಯಿಂದ ಕುಕಿ ಬಿಟ್ಟುಹೋಗುತ್ತದೆ, ಲಾಗಿನ್ ಕೇಳುವ ಸರ್ವರ್ ಫೈಲನ್ನು ಕೊಡುವುದಿಲ್ಲ. ‘ಯೂಸ್-ಕ್ರೆಡೆನ್ಶಿಯಲ್ಸ್’ ಎಂದು ಬರೆದು, ಸರ್ವರ್‌ನ ಉತ್ತರದಲ್ಲಿ ಕ್ರೆಡೆನ್ಶಿಯಲ್‌ಗಳಿಗೆ ಅನುಮತಿ ಕೊಡುವ ಹೆಡರ್ ಇಟ್ಟು, ಅನುಮತಿಸಿದ ಆರಿಜಿನ್ ಜಾಗದಲ್ಲಿ ನಕ್ಷತ್ರದ ಬದಲು ನಿಮ್ಮ ಪುಟದ ಮೂಲವಿಳಾಸವನ್ನೇ ಬರೆದರೆ ಎರಡೂ ನಡೆಯುತ್ತವೆ. ಎಚ್‌ಎಲ್‌ಎಸ್ ವಿಡಿಯೋ ಓಡಿಸುವ ಎಚ್‌ಎಲ್‌ಎಸ್.ಜೆಎಸ್ ಲೈಬ್ರರಿ ಬಳಸುವವರು ಎಕ್ಸ್‌ಎಚ್‌ಆರ್‌ಸೆಟಪ್‌ನಲ್ಲಿ ವಿತ್‌ಕ್ರೆಡೆನ್ಶಿಯಲ್ಸ್ ಆನ್ ಮಾಡಬೇಕು.

ಬೇರೆ ಡೊಮೇನ್‌ನ ಪ್ಲೇಯರ್‌ಗೆ ತನ್ನದೇ ಕುಕಿಯೂ ಸಿಗುತ್ತಿಲ್ಲವಲ್ಲ?

ಬ್ರೌಸರ್‌ಗಳು ಬದಲಾಗಿವೆ. 2020ರ ಫೆಬ್ರವರಿಯಿಂದ ಕ್ರೋಮ್ 80, ಸೇಮ್‌ಸೈಟ್ ಗುಣವಿಲ್ಲದ ಕುಕಿಯನ್ನು ‘ಲ್ಯಾಕ್ಸ್’ ಎಂದೇ ಪರಿಗಣಿಸತೊಡಗಿತು. ಅಂಥ ಕುಕಿ ಪರರ ಪುಟದೊಳಗಿನ ಐಫ್ರೇಮ್‌ಗೆ ಹೋಗುವುದಿಲ್ಲ. ಹೋಗಬೇಕಾದರೆ ‘ನನ್’ ಎಂಬ ಮೌಲ್ಯವೂ ಸೆಕ್ಯೂರ್ ಗುಣವೂ ಒಟ್ಟಿಗೆ ಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ಸಫಾರಿ ಮೂರನೆಯವರ ಕುಕಿಗಳನ್ನು (ತೆರೆದ ಪುಟದ ತಾಣವಲ್ಲದೆ ಬೇರೆ ತಾಣ ಇಟ್ಟವನ್ನು) ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ತಾಣಕ್ಕೂ ಬೇರೆಬೇರೆ ಕುಕಿ ಡಬ್ಬಿ ಎಂಬ ಕ್ರಮವನ್ನು ಎಲ್ಲರಿಗೂ ಜಾರಿಗೆ ತಂದಿತು. ಮೂರನೆಯವರ ಕುಕಿಗಳನ್ನು ಕ್ರೋಮ್‌ನಿಂದ ಕಿತ್ತುಹಾಕುವ ಯೋಜನೆಯನ್ನು ಗೂಗಲ್ 2024ರ ಜುಲೈನಲ್ಲಿ ಕೈಬಿಟ್ಟಿದ್ದರೂ ಅವುಗಳನ್ನು ನಂಬಿ ಹೊಸದಾಗಿ ಏನನ್ನೂ ಕಟ್ಟಬಾರದು. ಆಯ್ಕೆಗಳನ್ನು ನಿಮ್ಮ ಪುಟದ ಕುಕಿಯಲ್ಲೇ ಇಟ್ಟುಕೊಂಡು ಪ್ಲೇಯರ್‌ಗೆ ತಲುಪಿಸುವ ಕ್ರಮಕ್ಕೆ ಈಗ ಹೆಚ್ಚಿನ ಬೆಲೆ ಬಂದಿರುವುದು ಇದರಿಂದಲೇ. ಒಂದು ಮಿತಿ ಗಮನದಲ್ಲಿರಲಿ: ಜಾವಾಸ್ಕ್ರಿಪ್ಟ್ ಇಟ್ಟ ಕುಕಿಯನ್ನು ಸಫಾರಿ ಏಳು ದಿನಗಳಾದ ಮೇಲೆ ಅಳಿಸುತ್ತದೆ. ಬೇಸಿಗೆ ರಜೆ ಮುಗಿಸಿ ಬಂದ ವಿದ್ಯಾರ್ಥಿನಿಯ ಆಯ್ಕೆ ಉಳಿದಿರಬೇಕಾದರೆ ಕುಕಿಯನ್ನು ಸರ್ವರೇ ಇಡಬೇಕು.

ನಮ್ಮ ಹಳೆಯ ಪುಟಗಳಲ್ಲಿ ಫ್ಲ್ಯಾಶ್‌ವಾರ್ಸ್ ಎಂಬುದಿದೆ. ಅದೇನು, ಈಗೇನು ಮಾಡಬೇಕು?

ಬ್ರೌಸರ್‌ನಲ್ಲಿ ಆನಿಮೇಷನ್, ವಿಡಿಯೋ ಓಡಿಸುತ್ತಿದ್ದ ಹಳೆಯ ತಂತ್ರಾಂಶವಾದ ಫ್ಲ್ಯಾಶ್‌ನ ಫೈಲ್‌ಗೆ (ಅದನ್ನು ಚಲನಚಿತ್ರ ಎನ್ನುತ್ತಿದ್ದರು) ಪುಟದಿಂದ ಮೌಲ್ಯಗಳನ್ನು ದಾಟಿಸುವ ಏರ್ಪಾಡು ಅದು. ಫ್ಲ್ಯಾಶ್ ಪ್ಲೇಯರ್ 6ರಲ್ಲಿ ಬಂತು. ಜಾವಾಸ್ಕ್ರಿಪ್ಟ್ ಕುಕಿಯನ್ನು ಓದಿ, ಆಬ್ಜೆಕ್ಟ್ ಮತ್ತು ಎಂಬೆಡ್ ಟ್ಯಾಗ್‌ಗಳಲ್ಲಿ ಹೆಸರು-ಮೌಲ್ಯಗಳ ಜೋಡಿಗಳನ್ನು ಬರೆಯುತ್ತಿತ್ತು; ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಅವು ಲೋಡರ್‌ಇನ್ಫೋ.ಪ್ಯಾರಾಮೀಟರ್ಸ್‌ನಲ್ಲಿ ಸಿಗುತ್ತಿದ್ದವು. ಸೆಷನ್ ಐಡಿಯನ್ನು ದಾಟಿಸುವ ಅಭ್ಯಾಸ ಬೆಳೆದದ್ದಕ್ಕೆ ಆಗ ಒಂದು ಕಾರಣವೂ ಇತ್ತು: ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳಿಂದ ಫ್ಲ್ಯಾಶ್ ಮೂಲಕ ಫೈಲ್ ಅಪ್‌ಲೋಡ್ ಮಾಡಿದಾಗ ಆ ಬ್ರೌಸರ್‌ನ ಕುಕಿಗಳು ಹೋಗುತ್ತಿರಲಿಲ್ಲವಾಗಿ ಸರ್ವರ್‌ಗೆ ಬಳಕೆದಾರರ ಗುರುತೇ ಸಿಗುತ್ತಿರಲಿಲ್ಲ. ಆ ಕಾರಣ ಈಗ ಇಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನೇ ಚಲನಚಿತ್ರಗಳನ್ನು ತಡೆಯಿತು. ಹಳೆಯ ಶೈಕ್ಷಣಿಕ ಆನಿಮೇಷನ್‌ಗಳನ್ನು ಉಳಿಸಿಕೊಳ್ಳಬೇಕೆಂದರೆ ರಸ್ಟ್ ಭಾಷೆಯಲ್ಲಿ ಬರೆದ ರಫಲ್ ಎಂಬ ಮುಕ್ತ ಎಮ್ಯುಲೇಟರ್ ಇದೆ. ಅದು ಫ್ಲ್ಯಾಶ್‌ವಾರ್ಸ್ ಮೌಲ್ಯಗಳನ್ನೂ ಸ್ವೀಕರಿಸುತ್ತದೆ. ಆದರೆ ಸೆಷನ್ ಐಡಿ ದಾಟಿಸುವ ಹಳೆಯ ಸಾಲುಗಳನ್ನು ಅಲ್ಲಿಂದ ಮೊದಲು ತೆಗೆದುಹಾಕಿ.

ಬಳಕೆದಾರರ ಒಪ್ಪಿಗೆ ಬೇಕೇ?

ಸಬ್‌ಟೈಟಲ್ ಭಾಷೆಯನ್ನು ಪ್ಲೇಯರ್‌ಗೆ ಹೇಳುವುದಕ್ಕೂ, ವ್ಯಕ್ತಿಯನ್ನು ಗುರುತಿಸಬಲ್ಲ ಮೌಲ್ಯವನ್ನು ಮೂರನೆಯವರಿಗೆ ಕೊಡುವುದಕ್ಕೂ ಬಹಳ ಅಂತರವಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯು ಸ್ವಯಂಪ್ರೇರಿತವೂ ನಿರ್ದಿಷ್ಟವೂ ಸ್ಪಷ್ಟವೂ ಆಗಿರಬೇಕು. ಯೂರೋಪಿನ ಓದುಗರಿದ್ದರೆ, ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಅಲ್ಲಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ಹೇಳಿದ್ದು ನೆನಪಿರಲಿ. ನಮ್ಮ ಉದಾಹರಣೆಯಲ್ಲಿರುವುದು ಮಕ್ಕಳು. ಅವರ ಗುರುತನ್ನು ಹೊರಗೆ ಕೊಡುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಎಲ್ಲ ಮಾಡಿದರೂ ಮೌಲ್ಯ ತಲುಪುತ್ತಿಲ್ಲ. ಎಲ್ಲಿಂದ ಹುಡುಕಬೇಕು?

ಡೆವಲಪರ್ ಉಪಕರಣಗಳ ಅಪ್ಲಿಕೇಶನ್ ವಿಭಾಗದಲ್ಲಿ ಕುಕಿ ನಿಜಕ್ಕೂ ಇದೆಯೇ, ಅದರ ಪಾತ್ ಏನಿದೆ ಎಂದು ಮೊದಲು ನೋಡಿ. ಒಂದು ಪಾಠದ ಫೋಲ್ಡರ್‌ನ ಪಾತ್‌ನಲ್ಲಿ ಇಟ್ಟ ಕುಕಿ ಪಕ್ಕದ ಪಾಠಕ್ಕೆ ಕಾಣುವುದಿಲ್ಲ. ಪುಟವನ್ನು ಸರ್ವರ್ ಇಲ್ಲದೆ ಫೈಲ್ ಆಗಿಯೇ ತೆರೆದಿದ್ದರೆ ಕ್ರೋಮ್ ಕುಕಿಯನ್ನು ಇಡುವುದೇ ಇಲ್ಲ, ಸ್ವಂತ ಯಂತ್ರದಲ್ಲೇ ಒಂದು ಸಣ್ಣ ಸರ್ವರ್ ಓಡಿಸಿ ಪರೀಕ್ಷಿಸಬೇಕು. ಐಫ್ರೇಮ್‌ಗೆ ಅದರ ಅಧಿಕಾರಗಳನ್ನು ಮಿತಗೊಳಿಸುವ ಸ್ಯಾಂಡ್‌ಬಾಕ್ಸ್ ಗುಣ ಹಾಕಿ ಅದರಲ್ಲಿ ಅಲೌ-ಸೇಮ್-ಆರಿಜಿನ್ ಸೇರಿಸದಿದ್ದರೆ, ನಿಮ್ಮದೇ ಡೊಮೇನ್‌ನ ಪ್ಲೇಯರ್ ಕೂಡ ಕುಕಿ ಓದಲು ಹೋದಾಗ ಭದ್ರತಾ ದೋಷ ಬರುತ್ತದೆ. ಇವೆಲ್ಲ ಸರಿಯಿದ್ದರೆ ನೆಟ್‌ವರ್ಕ್ ವಿಭಾಗದಲ್ಲಿ ಐಫ್ರೇಮ್‌ನ ಕೋರಿಕೆಯನ್ನು ತೆರೆದು ವಿಳಾಸವನ್ನು ಓದಿ: ಭಾಷಾ ಸಂಕೇತ ಅಲ್ಲಿ ಸರಿಯಾಗಿ ಕಂಡರೆ ನಿಮ್ಮ ಬದಿಯ ಕೆಲಸ ಮುಗಿದಿದೆ, ಮುಂದೆ ನೋಡಬೇಕಾದದ್ದು ಆ ವಿಡಿಯೋಗೆ ಕನ್ನಡ ಸಬ್‌ಟೈಟಲ್ ಇದೆಯೇ ಎಂಬುದನ್ನು.